ಕಿಟಕಿಯ ಸರಳು, ನೀರಿನ ಕ್ಯಾನು: ಮನೆಯಲ್ಲೇ ಮೈ ಹುರಿಗಟ್ಟಿಸುವುದು ಹೇಗೆ?

ಪ್ರಶ್ನೆ: ನನಗೆ 34 ವರ್ಷ, ದಾವಣಗೆರೆಯಲ್ಲಿ ಬ್ಯಾಂಕ್ ನೌಕರಿ. ಎತ್ತರ 170 ಸೆಂ.ಮೀ., ತೂಕ 68 ಕೆ.ಜಿ. ತೋಳು, ತೊಡೆ ಸಣಕಲು. ಹೊಟ್ಟೆ ಮಾತ್ರ ಮುಂದೆ. ಆರು ತಿಂಗಳಿಂದ ಬೆಳಿಗ್ಗೆ 50 ಬಸ್ಕಿ, 20 ಪುಷ್‌ಅಪ್, ಒಂದಷ್ಟು ಕ್ರಂಚ್, 12 ಸೂರ್ಯನಮಸ್ಕಾರ ಮಾಡುತ್ತಿದ್ದೇನೆ. ಮೈ ಹಗುರವಾಗಿದೆ, ಆದರೆ ಅಂಗಿಯ ತೋಳು ಇನ್ನೂ ಜೋಲುತ್ತದೆ. ಜಿಮ್‌ಗೆ ಹೋಗಲು ಪುರುಸೊತ್ತಿಲ್ಲ. ಎರಡನೇ ಮಹಡಿಯ ಬಾಡಿಗೆ ಮನೆ, ಜಿಗಿದರೆ ಕೆಳಗಿನವರು ಜಗಳಕ್ಕೆ ಬರುತ್ತಾರೆ. ಮೊಟ್ಟೆ, ಮಾಂಸ ತಿನ್ನುವುದಿಲ್ಲ. ಹೆಂಡತಿಗೆ (31 ವರ್ಷ, 58 ಕೆ.ಜಿ.) ಮೈ ಬಿಗಿಯಾಗಬೇಕು, ಆದರೆ ಗಂಡಸರ ಹಾಗೆ ತೋಳು ಬರಬಾರದಂತೆ. ಮನೆಯಲ್ಲೇ ಇದೆಲ್ಲ ಆಗುತ್ತದೆಯೇ? ಡಂಬಲ್‌ಗೆಂದು ಮೂರು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಏನು ಕೊಳ್ಳಲಿ?

ಉತ್ತರ: ಆಗುತ್ತದೆ. ಆರು ತಿಂಗಳು ಬಿಡದೆ ಮಾಡಿದ್ದೀರಿ ಎಂದ ಮೇಲೆ ಕಷ್ಟದ ಅರ್ಧ ಕೆಲಸ ಮುಗಿದಿದೆ. ನಿಮ್ಮ ತೊಡಕು ಜಿಮ್ ಇಲ್ಲದಿರುವುದಲ್ಲ. ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಮೊದಲ ತಿಂಗಳು 50 ಬಸ್ಕಿ, 20 ಪುಷ್‌ಅಪ್. ಆರನೇ ತಿಂಗಳೂ ಅಷ್ಟೇ. ಶುರುವಿನಲ್ಲಿ ಏದುಸಿರು ತರಿಸಿದ್ದು ಈಗ ಹಲ್ಲುಜ್ಜಿದಷ್ಟು ಸಲೀಸು. ಎರಡನೆಯದಾಗಿ, ಇಡೀ ಪಟ್ಟಿಯಲ್ಲಿ ಏನನ್ನಾದರೂ ನಿಮ್ಮ ಕಡೆಗೆ ಎಳೆದುಕೊಳ್ಳುವ ಕೆಲಸ ಒಂದೂ ಇಲ್ಲ. ಹಾಗಾಗಿ ಬೆನ್ನು ಮತ್ತು ತೋಳಿನ ಮುಂಭಾಗಕ್ಕೆ ಕೆಲಸವೇ ಸಿಕ್ಕಿಲ್ಲ. ಮನೆಯಲ್ಲಿ ವ್ಯಾಯಾಮ ಮಾಡಿ ಬೇಸತ್ತವರಲ್ಲಿ ನಾನು ಹೆಚ್ಚಾಗಿ ಕಾಣುವ ಕೊರತೆಗಳು ಇವೇ ಎರಡು.

ಸ್ನಾಯುವಿನ ನಾರುಗಳೆಲ್ಲ ಒಟ್ಟಿಗೆ ದುಡಿಯುವುದಿಲ್ಲ. ಕೆಲಸ ಹಗುರವಾಗಿದ್ದರೆ ಸಣ್ಣ ನಾರುಗಳೇ ಮುಗಿಸಿಬಿಡುತ್ತವೆ. ಬೆಳೆಯುವ ಶಕ್ತಿ ಹೆಚ್ಚಿರುವ ದೊಡ್ಡ ನಾರುಗಳು ಎಚ್ಚರಗೊಳ್ಳಬೇಕಾದರೆ ಒಂದೋ ಭಾರ ಹೆಚ್ಚಿರಬೇಕು, ಇಲ್ಲವೇ ಸಣ್ಣ ನಾರುಗಳು ಸುಸ್ತಾಗಿ ಕೈಚೆಲ್ಲಬೇಕು. ಅದಕ್ಕೇ ಒಂದು ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ 30ರಷ್ಟನ್ನೇ ಎತ್ತಿದರೂ, ಇನ್ನು ಆಗದು ಎನ್ನುವ ತನಕ ಎತ್ತಿದವರಲ್ಲಿ ಸ್ನಾಯು ಬೆಳವಣಿಗೆ ಶೇ 80 ಎತ್ತಿದವರಷ್ಟೇ ಬಂದದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. 2017ರಲ್ಲಿ ಪ್ರಕಟವಾದ ಜಪಾನಿನ ಒಂದು ಸಣ್ಣ ಅಧ್ಯಯನ ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಅಲ್ಲಿ ಕೆಲವರು ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರದ ಸರಳನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಮಾಡಿದರು, ಉಳಿದವರು ಹೆಚ್ಚುಕಡಿಮೆ ಅಷ್ಟೇ ಭಾರ ಬೀಳುವಂತೆ ಪುಷ್‌ಅಪ್ ಮಾಡಿದರು. ವಾರಕ್ಕೆ ಎರಡು ಸಲದಂತೆ ಎಂಟು ವಾರ ಕಳೆದಾಗ ಎದೆ ಮತ್ತು ತೋಳಿನ ಸ್ನಾಯು ದಪ್ಪವಾದದ್ದು ಎರಡೂ ಗುಂಪಿನಲ್ಲಿ ಒಂದೇ ತೆರನಾಗಿತ್ತು. ಗರಿಷ್ಠ ಬಲ ಬೇಕೆಂದರೆ ದೊಡ್ಡ ಭಾರವೇ ಬೇಕು, ಅದು ಬೇರೆ ಮಾತು. ಅಂಗಿಯ ತೋಳು ತುಂಬಲು ಅದು ಬೇಡ.

ಹಾಗಾದರೆ ಎಲ್ಲಿಯವರೆಗೆ ಮಾಡಬೇಕು? ಹಲ್ಲು ಕಚ್ಚಿ ನೆಲಕ್ಕೆ ಬೀಳುವವರೆಗೆ ಬೇಡ. ನೀವು ಬೇಗ ಮೇಲೇಳಲು ನೋಡಿದರೂ ಮೈ ತಾನಾಗಿ ನಿಧಾನವಾಗುವ ಗಳಿಗೆಯೊಂದು ಬರುತ್ತದೆ. ಇನ್ನು ಒಂದೆರಡು ಸಲ ಮಾತ್ರ ಸಾಧ್ಯ ಅನ್ನಿಸುತ್ತದೆ. ಅಲ್ಲಿ ನಿಲ್ಲಿಸಿ. ನಿಮ್ಮ 20 ಪುಷ್‌ಅಪ್ ಮುಗಿದಾಗ ಇನ್ನೂ ಹದಿನೈದು ಹೊಡೆಯುವ ಶಕ್ತಿ ಉಳಿದಿದ್ದರೆ, ಆ 20ರಲ್ಲಿ ಒಂದೂ ಸ್ನಾಯು ಬೆಳೆಸುವ ಲೆಕ್ಕಕ್ಕೆ ಬರಲಿಲ್ಲ ಎಂದೇ ತಿಳಿಯಿರಿ.

ಗರಡಿಯಲ್ಲಿ ನೂರಾರು ಬಸ್ಕಿ, ದಂಡ ಹೊಡೆದೇ ಪೈಲ್ವಾನರಾಗುತ್ತಿದ್ದರಲ್ಲ ಎಂದು ನೀವು ಕೇಳಬಹುದು. ಬಸ್ಕಿ, ದಂಡಗಳಿಂದ ಅವರಿಗೆ ಬಂದದ್ದು ಮುಖ್ಯವಾಗಿ ದಮ್ಮು. ಮೈಕಟ್ಟು ಬಂದದ್ದು ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣು ಅಗೆದು, ಗದೆ ತಿರುಗಿಸಿ, ಹಗ್ಗ ಹತ್ತಿ, ಎದುರಾಳಿಯ ಇಡೀ ಮೈಭಾರವನ್ನು ಎಳೆದು ಎತ್ತಿ ತಡೆದು. ಅದರ ಮೇಲೆ ಹಾಲು, ತುಪ್ಪ, ಬಾದಾಮಿಯ ಊಟ. ನಾವು ಗರಡಿಯಿಂದ ಮನೆಗೆ ತಂದದ್ದು ಎಣಿಸಲು ಸುಲಭವಾದ ಬಸ್ಕಿಯನ್ನು ಮಾತ್ರ. ಸೂರ್ಯನಮಸ್ಕಾರದ್ದೂ ಅದೇ ಕಥೆ. ಮೈ ಸಡಿಲಿಸಲು ಬಲು ಒಳ್ಳೆಯದು, ಬಿಡಬೇಡಿ. ಆದರೆ ಅದರಲ್ಲಿ ತಳ್ಳುವುದಿದೆ, ಬಾಗುವುದಿದೆ, ಎಳೆಯುವುದಿಲ್ಲ, ಭಾರ ಹೆಚ್ಚಿಸಿಕೊಳ್ಳಲು ದಾರಿಯೂ ಇಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಸೂರ್ಯನಮಸ್ಕಾರವನ್ನು ಹಾಡಿ ಹೊಗಳಿದವರು, ಆದರೂ ಅದರ ಜೊತೆಗೆ ಕಬ್ಬಿಣದ ಭಾರವನ್ನೂ ಎತ್ತಿಸುತ್ತಿದ್ದರು. ಅಂಚೆಯ ಮೂಲಕವೂ ವ್ಯಾಯಾಮದ ಪಾಠ ಕಳಿಸುತ್ತಿದ್ದವರು ಅವರು. ಮನೆಯಲ್ಲೇ ಮೈ ಬೆಳೆಸುವ ಆಸೆ ಮೊಬೈಲ್ ಕಾಲದ್ದೇನಲ್ಲ.

ಈಗ ಕೆಲಸಕ್ಕೆ ಬರೋಣ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿ ದಿನ ನಾಲ್ಕು ಬಗೆಯ ಚಲನೆ: ತಳ್ಳುವುದು, ಎಳೆಯುವುದು, ಕೂತೇಳುವುದು, ಸೊಂಟ ಬಾಗಿ ಏಳುವುದು. ಒಂದೊಂದಕ್ಕೂ ಮೂರು ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು ಎಂದರೆ ಒಂದು ಸೆಟ್), ಸೆಟ್‌ಗಳ ನಡುವೆ ಎರಡು ನಿಮಿಷ ವಿಶ್ರಾಂತಿ. ಆ ಎರಡು ನಿಮಿಷ ಸೋಮಾರಿತನವಲ್ಲ. ಅದನ್ನು ಕದ್ದರೆ ಮುಂದಿನ ಸೆಟ್‌ನಲ್ಲಿ ಸ್ನಾಯುವಿಗಿಂತ ಮೊದಲು ಉಸಿರು ಸೋಲುತ್ತದೆ. ಎಲ್ಲ ಸೇರಿ 40–45 ನಿಮಿಷ. ಜಿಗಿತ ಒಂದೂ ಇಲ್ಲ, ಕೆಳಗಿನವರು ನೆಮ್ಮದಿಯಾಗಿ ನಿದ್ದೆ ಮಾಡಲಿ.

ತಳ್ಳುವುದಕ್ಕೆ ಪುಷ್‌ಅಪ್ ಸಾಕು, ಅದರ ಭಾರ ಬದಲಾಯಿಸಲು ಬರಬೇಕು. ನೆಲದ ಮೇಲೆ ಮಾಡಿದಾಗ ಕೈಗಳು ಹೊರುವುದು ಮೈತೂಕದ ಸುಮಾರು ಶೇ 64. ನಿಮ್ಮ ಲೆಕ್ಕದಲ್ಲಿ 43–44 ಕೆ.ಜಿ. ಪಾದಗಳನ್ನು 60 ಸೆಂ.ಮೀ. ಎತ್ತರದ ಮಂಚದ ಮೇಲಿಟ್ಟರೆ ಅದು ಶೇ 74ಕ್ಕೆ, ಅಂದರೆ 50 ಕೆ.ಜಿ.ಗೆ ಏರುತ್ತದೆ. ಅದೇ ಎತ್ತರದ ಮೇಲೆ ಪಾದದ ಬದಲು ಕೈ ಊರಿದರೆ ಶೇ 41ಕ್ಕೆ ಇಳಿಯುತ್ತದೆ. ನಿಮ್ಮ ಹೆಂಡತಿಗೆ ಇದು ಸುಮಾರು 24 ಕೆ.ಜಿ., ಶುರು ಮಾಡಲು ಸರಿಯಾದ ಜಾಗ. ಅದೂ ಕಷ್ಟವಾದರೆ ಅಡುಗೆಮನೆಯ ಕಟ್ಟೆಗೆ ಕೈ ಊರಲಿ, ವಾರ ಕಳೆದಂತೆ ಎತ್ತರ ಇಳಿಸುತ್ತ ನೆಲಕ್ಕೆ ಬರಲಿ. ಮಂಡಿಯೂರಿ ಮಾಡುವ ಪುಷ್‌ಅಪ್‌ಗಿಂತ ಇದು ಮೇಲು, ಏಕೆಂದರೆ ತಲೆಯಿಂದ ಹಿಮ್ಮಡಿಯವರೆಗೆ ಮೈ ನೇರ ಹಿಡಿಯುವ ಅಭ್ಯಾಸ ಮೊದಲ ದಿನದಿಂದಲೇ ಆಗುತ್ತದೆ. ನೀವು ಮೂರು ಸೆಕೆಂಡು ಎಣಿಸುತ್ತ ಇಳಿಯಿರಿ, ಎದೆ ನೆಲ ಮುಟ್ಟುವ ಮುನ್ನ ಒಂದು ಸೆಕೆಂಡು ತಡೆಯಿರಿ, ಆಮೇಲೆ ಏಳಿ. 20 ಹೊಡೆಯುತ್ತಿದ್ದವರು 9ಕ್ಕೋ 10ಕ್ಕೋ ನಿಲ್ಲುತ್ತೀರಿ. ಮೂರೂ ಸೆಟ್‌ನಲ್ಲಿ 15 ದಾಟಿದಾಗ ಪಾದ ಮಂಚದ ಮೇಲೆ. ಅದೂ ಸಲೀಸಾದಾಗ ಪುಸ್ತಕ ತುಂಬಿದ ಬ್ಯಾಗ್ ಬೆನ್ನ ಮೇಲೆ.

ಎಳೆಯುವುದರಲ್ಲೇ ಮನೆಯ ವ್ಯಾಯಾಮ ಸೋಲುವುದು, ಹಾಗಾಗಿ ಇದನ್ನು ತುಸು ವಿವರವಾಗಿ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಒಂದು ಅನುಕೂಲವಿದೆ: ಕಿಟಕಿಗಳಿಗೆ ಕಬ್ಬಿಣದ ಸರಳು. ಗೋಡೆಯೊಳಗೆ ಹೂತ ಗಟ್ಟಿ ಸರಳಾಗಿದ್ದರೆ, ತುಕ್ಕು ಹಿಡಿಯದಿದ್ದರೆ, ಹಳೆಯ ಹತ್ತಿ ಪಂಚೆಯನ್ನು ಹುರಿ ಮಾಡಿ ಎದೆಯ ಎತ್ತರದಲ್ಲಿ ಅದಕ್ಕೆ ಸುತ್ತಿ ಎರಡೂ ತುದಿ ಹಿಡಿಯಿರಿ. ಮೈಯನ್ನು ಹಲಗೆಯಂತೆ ನೇರ ಇಟ್ಟು ಹಿಂದಕ್ಕೆ ಒರಗಿ, ಮೊಣಕೈಗಳನ್ನು ಪಕ್ಕೆಗೆ ಎಳೆಯುತ್ತ ಎದೆಯನ್ನು ಕಿಟಕಿಯತ್ತ ತನ್ನಿ. ಪಾದ ಗೋಡೆಗೆ ಹತ್ತಿರವಾದಷ್ಟೂ ಭಾರ ಹೆಚ್ಚು. ಮರದ ಚೌಕಟ್ಟಿಗೆ ಸ್ಕ್ರೂ ಹೊಡೆದು ಕೂರಿಸಿದ ಗ್ರಿಲ್ ಆದರೆ ಇದನ್ನು ಮಾಡಬೇಡಿ. ಬಾಗಿಲ ಚೌಕಟ್ಟಿಗೆ ಒತ್ತಿ ನಿಲ್ಲಿಸುವ ಕಂಬಿಯ ಮೇಲೂ ನನಗೆ ನಂಬಿಕೆ ಕಡಿಮೆ.

ಎರಡನೆಯದು, ನೀರಿನ ಕ್ಯಾನು. ಒಂದು ಲೀಟರ್ ನೀರು ಒಂದು ಕೆ.ಜಿ. ಅಂದಮೇಲೆ ಹಿಡಿಕೆ ಇರುವ 20 ಲೀಟರ್ ಕ್ಯಾನ್ ಎಂದರೆ ಒಂದರಿಂದ ಇಪ್ಪತ್ತು ಕೆ.ಜಿ.ವರೆಗೆ ಬೇಕಾದ ಹಾಗೆ ಭಾರ ಬದಲಿಸಬಹುದಾದ ಡಂಬಲ್. ಒಂದು ಕೈಯನ್ನು ಮಂಚದ ಮೇಲೂರಿ, ಬೆನ್ನು ನೆಲಕ್ಕೆ ಸಮನಾಗಿ ಬಾಗಿ, ಇನ್ನೊಂದು ಕೈಯಿಂದ ಕ್ಯಾನನ್ನು ಸೊಂಟದತ್ತ ಎಳೆಯಿರಿ. ಅರ್ಧ ತುಂಬಿದ ಕ್ಯಾನಿನಲ್ಲಿ ನೀರು ತುಳುಕಾಡಿ ಕೈ ಎಳೆಯುತ್ತದೆ. ತಪ್ಪೇನಿಲ್ಲ, ನಿಧಾನ ಮಾಡುವಂತೆ ಅದೇ ನಿಮ್ಮನ್ನು ಬಗ್ಗಿಸುತ್ತದೆ. ಭಾನುವಾರ ಹತ್ತಿರದ ಪಾರ್ಕಿಗೆ ಹೋಗಿ ಅಲ್ಲಿ ಜೋತುಬೀಳುವ ಕಂಬಿ ಇದ್ದರೆ ಬಳಸಿ. ಮೇಲಕ್ಕೆ ಎಳೆದುಕೊಳ್ಳಲು ಆಗದಿದ್ದರೆ ಕಲ್ಲುಬೆಂಚು ಹತ್ತಿ ಗದ್ದ ಕಂಬಿಯ ಮೇಲಿಟ್ಟುಕೊಂಡು, ಐದು ಸೆಕೆಂಡು ತೆಗೆದುಕೊಂಡು ಇಳಿಯಿರಿ. ಇಳಿಯುವಾಗ ಬರುವ ಬಲವೇ ಮುಂದೆ ಏರುವಾಗ ಒದಗುತ್ತದೆ.

ಕಾಲಿಗೆ ಎರಡೂ ಕಾಲಿನ ಬಸ್ಕಿ ನಿಮಗೆ ಇನ್ನು ಸಾಲದು. ಹಿಂದಿನ ಪಾದವನ್ನು ಮಂಚದ ಅಂಚಿಗೋ ಗಟ್ಟಿ ಮಣೆಗೋ ಒರಗಿಸಿ, ಮುಂದಿನ ಒಂದೇ ಕಾಲಿನ ಮೇಲೆ ಭಾರ ಹಾಕಿ ಕೂತೇಳಿ. ಮೊದಲ ದಿನ ಗೋಡೆ ಹಿಡಿದುಕೊಳ್ಳಿ. 50 ಬಸ್ಕಿ ಹೊಡೆಯುವ ಎಷ್ಟೋ ಮಂದಿ ಇದರಲ್ಲಿ ಎಂಟಕ್ಕೆ ತತ್ತರಿಸುತ್ತಾರೆ. ಅದು ಬಂದಮೇಲೆ ಕೈಯಲ್ಲಿ ಕ್ಯಾನು.

ನಾಲ್ಕನೆಯ ಚಲನೆ ತೊಡೆಯ ಹಿಂಭಾಗಕ್ಕೆ, ಅದನ್ನು ಎಲ್ಲರೂ ಮರೆಯುತ್ತಾರೆ. ಟೈಲ್ಸೋ ರೆಡ್ ಆಕ್ಸೈಡೋ ನುಣುಪಾದ ನೆಲವಿದ್ದರೆ ಅಂಗಾತ ಮಲಗಿ, ಮಂಡಿ ಮಡಿಸಿ, ಹಿಮ್ಮಡಿಯ ಕೆಳಗೆ ಬಟ್ಟೆ ಹಾಕಿ, ಸೊಂಟ ಎತ್ತಿ, ಕಾಲುಗಳನ್ನು ನಿಧಾನ ಮುಂದಕ್ಕೆ ಜಾರಿಸಿ ಮತ್ತೆ ಒಳಕ್ಕೆ ಎಳೆಯಿರಿ. ಮೊದಲ ವಾರ ಜಾರಿಸುವುದಷ್ಟೇ ಸಾಕು. ಇನ್ನೊಂದು ದಿನ ಇದರ ಬದಲು ಎರಡೂ ಕೈಯಲ್ಲಿ ಭಾರ ಹಿಡಿದು, ಬೆನ್ನು ನೇರವಿಟ್ಟು, ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತ ಬಾಗಿ ಏಳಿ. ಹೊಟ್ಟೆಗೆ ಕೊನೆಯಲ್ಲಿ ಎರಡು ಸೆಟ್ ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿದಿರುವುದು. ಕ್ರಂಚ್ ಹೊಡೆದರೆ ಹೊಟ್ಟೆಯ ಕೊಬ್ಬು ಕರಗುತ್ತದೆ ಎನ್ನುವುದು ಸುಳ್ಳು. ಯಾವ ಭಾಗ ಆಡಿಸುತ್ತೇವೋ ಅಲ್ಲಿಂದಲೇ ದೇಹ ಕೊಬ್ಬು ತೆಗೆಯುವುದಿಲ್ಲ.

ನೀವು ಬ್ಯಾಂಕಿನವರು, ಲೆಕ್ಕ ಬರೆಯುವುದನ್ನು ನಾನು ಕಲಿಸಬೇಕಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಚಲನೆ, ಎಷ್ಟು ಲೀಟರ್, ಎಷ್ಟು ಸಲ ಎಂದು ಬರೆಯಿರಿ. ಹೋದ ವಾರಕ್ಕಿಂತ ಒಂದು ಸಲವೋ ಒಂದು ಲೀಟರೋ ಹೆಚ್ಚಾಗಬೇಕು. ಎಲ್ಲ ವಾರವೂ ಹೆಚ್ಚಾಗುವುದಿಲ್ಲ. ಮೂರು ವಾರ ನಿಂತಲ್ಲೇ ನಿಂತರೆ ಊಟ ಅಥವಾ ನಿದ್ದೆಯಲ್ಲಿ ಏನೋ ಕಡಿಮೆಯಾಗಿದೆ ಎಂದರ್ಥ.

ಹೊಟ್ಟೆಯ ವಿಚಾರ. 68 ಕೆ.ಜಿ., 170 ಸೆಂ.ಮೀ. ಎಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಸೂಚ್ಯಂಕ) 23.5. ನೋಡಿದವರು ‘ಸರಿಯಾಗೇ ಇದ್ದೀಯಲ್ಲ’ ಎನ್ನುತ್ತಾರೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿಸಿಕೊಂಡಿದ್ದರು. ಇಬ್ಬರ ಬಿಎಂಐ ಕೂಡ 22.3. ದೇಹದ ಕೊಬ್ಬು ಮಾತ್ರ ಒಬ್ಬರದು ಶೇ 9.1, ಇನ್ನೊಬ್ಬರದು ಶೇ 21.2. ಹೆಚ್ಚಿನದು ಭಾರತೀಯರದೇ ಎಂದು ಬೇರೆ ಹೇಳಬೇಕಿಲ್ಲ. ತೆಳ್ಳಗೆ ಕಂಡರೂ ಒಳಗೆ ಕೊಬ್ಬು, ಸ್ನಾಯು ಕಡಿಮೆ: ನಮ್ಮಲ್ಲಿ ಸಕ್ಕರೆ ಕಾಯಿಲೆ ಬೇಗ ಬರುವುದಕ್ಕೂ ಇದಕ್ಕೂ ನಂಟಿದೆ. ಹಾಗಾಗಿ ನೀವು ತೂಕ ಇಳಿಸುವ ಗೀಳಿಗೆ ಬೀಳಬೇಡಿ. ಹೊಟ್ಟೆಯ ಸುತ್ತಳತೆ ನೋಡಿಕೊಳ್ಳಿ, ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ನಿಜವಾದ ಭಾರ ಹಾಕುವುದನ್ನು ಈಗಷ್ಟೇ ಶುರು ಮಾಡುವವರಿಗೆ ಒಂದು ವರವಿದೆ: ಸ್ನಾಯು ಹೆಚ್ಚುವುದೂ ಕೊಬ್ಬು ಇಳಿಯುವುದೂ ಒಟ್ಟೊಟ್ಟಿಗೇ ಆಗಬಹುದು. ಆಗ ತಕ್ಕಡಿ ಕದಲದೆ ಪ್ಯಾಂಟು ಸಡಿಲವಾಗುತ್ತದೆ. ಮೈ ಹುರಿಗಟ್ಟುವುದು ಅಂದರೂ ಇದೇ. ಅದಕ್ಕೆಂದೇ ಬೇರೆ ವ್ಯಾಯಾಮ ಇಲ್ಲ.

ನಿಮ್ಮ ಹೆಂಡತಿಯ ಹೆದರಿಕೆಗೂ ಅಲ್ಲೇ ಉತ್ತರವಿದೆ. ಸ್ನಾಯುವಿಗೆ ಗಾತ್ರ ಕೊಡುವ ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನು ಹೆಂಗಸರಲ್ಲಿ ಗಂಡಸರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ನಿಮಗೇ ಆರು ತಿಂಗಳಲ್ಲಿ ಬರದ ತೋಳು ಅವರಿಗೆ ತಪ್ಪಿಯೂ ಬರುವುದಿಲ್ಲ. ನೀವು ಮಾಡುವುದನ್ನೇ ಅವರೂ ಮಾಡಲಿ, ಭಾರ ಮಾತ್ರ ಅವರ ಶಕ್ತಿಗೆ ತಕ್ಕಂತೆ. ಎಲುಬು ಗಟ್ಟಿಯಾಗುವ ಲಾಭ ನಲವತ್ತೈದರ ನಂತರ ಅವರಿಗೇ ಹೆಚ್ಚು ಬೇಕಾಗುತ್ತದೆ. ಎರಡು ಸೆಟ್‌ಗೇ ತಲೆ ಸುತ್ತಿದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಊಟದ ಜೊತೆಗೇ ಕಾಫಿ, ಟೀ ಕುಡಿಯುವ ಅಭ್ಯಾಸವಿದ್ದರೆ ಒಂದು ಗಂಟೆ ಮುಂದೂಡಿ; ಅದು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ.

ಊಟ. ಸಾಮಾನ್ಯ ಜನರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ಕೆ.ಜಿ. ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ಸ್ನಾಯು ಬೆಳೆಸುವವರಿಗೆ 1.6 ಗ್ರಾಂವರೆಗೆ ಉಪಯೋಗವಿದೆ, ಅದರಾಚೆ ಹೆಚ್ಚಿನ ಲಾಭವಿಲ್ಲ. ನಿಮಗೆ ಅದು ಸುಮಾರು 109 ಗ್ರಾಂ. ಮೊಟ್ಟೆಯಿಲ್ಲದೆ ಹೇಗೆ ಅನ್ನಬೇಡಿ. ಅರ್ಧ ಲೀಟರ್ ಹಾಲು 16 ಗ್ರಾಂ, ಒಂದು ದೊಡ್ಡ ಬಟ್ಟಲು ಮೊಸರು 6, ಬೇಯಿಸುವ ಮುನ್ನ ತೂಗಿದ 50 ಗ್ರಾಂ ಸೋಯಾ ಚಂಕ್ಸ್ 26, ದಿನದ ಬೇಳೆಕಾಳು ಎಲ್ಲ ಸೇರಿ 100 ಗ್ರಾಂ ಅಂದರೆ 23, ಒಂದು ಹಿಡಿ ಶೇಂಗಾ 10, ರಾಗಿ–ಅಕ್ಕಿ–ಗೋಧಿ ಒಟ್ಟು 300 ಗ್ರಾಂನಿಂದ ಸುಮಾರು 25. ಕೂಡಿಸಿ ನೋಡಿ, 106. ಸೋಯಾ ಒಗ್ಗದಿದ್ದರೆ 100 ಗ್ರಾಂ ಪನೀರಿನಲ್ಲಿ 18 ಇದೆ. ಸೋಯಾ ತಿಂದರೆ ಗಂಡಸುತನ ಕುಂದುತ್ತದೆ ಎಂಬ ವಾಟ್ಸ್ಆ್ಯಪ್ ಮಾತಿಗೆ ಆಧಾರವಿಲ್ಲ. ಈ ಪ್ರಮಾಣದಲ್ಲಿ ಟೆಸ್ಟೊಸ್ಟಿರೋನ್ ಇಳಿಯುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ.

ಸಮಸ್ಯೆ ನಮ್ಮ ಸಾರಿನಲ್ಲಿದೆ. ನಾಲ್ಕು ಜನರಿಗೆ ಒಂದು ಹಿಡಿ ಬೇಳೆ ಹಾಕಿ ತಿಳಿ ಸಾರು ಮಾಡಿ, ‘ದಿನಾ ಬೇಳೆ ತಿಂತೀವಲ್ಲ’ ಎನ್ನುತ್ತೇವೆ. ಬಸ್ಸಾರಿನಲ್ಲಂತೂ ಕಾಳೆಲ್ಲ ಪಲ್ಯಕ್ಕೆ ಹೋಗಿ ಕಟ್ಟು ಮಾತ್ರ ಸಾರಾಗುತ್ತದೆ. ಮುದ್ದೆಗೆ ಸಾರು ಸುರಿದುಕೊಂಡು ಪಲ್ಯ ಚಮಚದಷ್ಟು ಹಾಕಿಸಿಕೊಂಡರೆ ಪ್ರೋಟೀನ್ ಪಾತ್ರೆಯಲ್ಲೇ ಉಳಿಯಿತು. ಪಲ್ಯವನ್ನು ಬಟ್ಟಲು ತುಂಬ ಹಾಕಿಸಿಕೊಳ್ಳಿ. ಹೆಸರುಕಾಳಿನ ಉಸಲಿ, ಹುರುಳಿ, ಕಡಲೆ, ಕೋಸಂಬರಿ, ಶೇಂಗಾ ಚಟ್ನಿಪುಡಿಗೆ ಮೊಸರು. ಹೊಸದಾಗಿ ಕಲಿಯಬೇಕಾದ ಅಡುಗೆ ಒಂದೂ ಇಲ್ಲ. ಸಂಜೆಯ ಮಂಡಕ್ಕಿ ಬಿಡಿ ಎಂದು ದಾವಣಗೆರೆಯವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ. ಅದಕ್ಕೆ ಶೇಂಗಾ, ಪುಟಾಣಿ ಜಾಸ್ತಿ ಹಾಕಿಸಿ. ಜೊತೆಗಿನ ಮಿರ್ಚಿ ಭಾನುವಾರಕ್ಕೆ ಇರಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ನಿರೀಕ್ಷೆ ಎಷ್ಟಿರಬೇಕು? ಮೊದಲ ಮೂರ್ನಾಲ್ಕು ವಾರ ಬಲ ಸರಸರ ಏರುತ್ತದೆ. ಅದು ಬಹುಪಾಲು ನರಗಳು ಸ್ನಾಯುವನ್ನು ಬಳಸಲು ಕಲಿತದ್ದರಿಂದ. ಕನ್ನಡಿಯಲ್ಲಿ ಕಾಣುವುದಕ್ಕೆ ಎರಡರಿಂದ ಮೂರು ತಿಂಗಳು ಬೇಕು. ಏಳು ಗಂಟೆ ನಿದ್ದೆಯಿಲ್ಲದೆ ಲೆಕ್ಕ ಕೂಡುವುದಿಲ್ಲ.

ಎಚ್ಚರಿಕೆ ಒಂದಿದೆ, ಉತ್ಸಾಹಿಗಳಿಗೆ ಅಗತ್ಯವಾಗಿ ಹೇಳಬೇಕಾದದ್ದು. ಅಭ್ಯಾಸವಿಲ್ಲದವರು ಪಂಥ ಕಟ್ಟಿಯೋ ಶಿಕ್ಷೆಗೋ ಒಂದೇ ದಿನ ಮುನ್ನೂರು ನಾನೂರು ಬಸ್ಕಿ ಹೊಡೆದರೆ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೊದಲ ವಾರದ ಮೈಕೈ ನೋವು ಸಹಜ, ಮೂರು ದಿನದಲ್ಲಿ ಇಳಿಯುತ್ತದೆ. ತೊಡೆ ಊದಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಹೊಸ ಚಲನೆಗಳನ್ನು ಮೊದಲ ವಾರ ಒಂದೊಂದೇ ಸೆಟ್ ಮಾಡಿ. ಬಿಪಿ ಇರುವವರು ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಎದೆನೋವು, ಹೃದಯದ ತೊಂದರೆಯ ಇತಿಹಾಸ ಇದ್ದವರು ವೈದ್ಯರ ಒಪ್ಪಿಗೆ ಪಡೆದೇ ಶುರು ಮಾಡಬೇಕು.

ಇನ್ನು ನಿಮ್ಮ ಮೂರು ಸಾವಿರ. ಅಂಗಡಿಯಲ್ಲಿ ಚೆಂದ ಕಾಣುವ ಎರಡು ಕೆ.ಜಿ.ಯ ಬಣ್ಣದ ಡಂಬಲ್ ಜೋಡಿ ಬೇಡವೇ ಬೇಡ. ನಿಮ್ಮ ಹೆಂಡತಿ ತರಕಾರಿ ಚೀಲದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಎರಡನೇ ಮಹಡಿ ಹತ್ತುತ್ತಾರೆ. ಪ್ರೋಟೀನ್ ಪುಡಿಯೂ ಮೇಲಿನ ಲೆಕ್ಕ ಊಟದಲ್ಲೇ ತುಂಬಿದರೆ ಬೇಡ. ಪುಡಿಗಳಲ್ಲಿ ಕೆಲಸ ಮಾಡುವುದು ಎಂದು ಗಟ್ಟಿಯಾಗಿ ಹೇಳಬಹುದಾದದ್ದು ಕ್ರಿಯೇಟಿನ್ ಮೊನೊಹೈಡ್ರೇಟ್, ದಿನಕ್ಕೆ 3ರಿಂದ 5 ಗ್ರಾಂ. ಅದು ಹೆಚ್ಚಾಗಿ ಮಾಂಸದಿಂದ ಬರುವ ವಸ್ತುವಾದ್ದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕಡಿಮೆ ಇರುತ್ತದೆ. ತೆಗೆದುಕೊಂಡರೆ ರಕ್ತಪರೀಕ್ಷೆಯ ವೇಳೆ ವೈದ್ಯರಿಗೆ ತಿಳಿಸಿ, ವರದಿಯಲ್ಲಿ ಮೂತ್ರಪಿಂಡದ ಆರೋಗ್ಯ ತಿಳಿಯಲು ನೋಡುವ ಕ್ರಿಯಾಟಿನಿನ್ ತುಸು ಏರಿದಂತೆ ಕಂಡು ಗಾಬರಿಯಾಗುವುದು ತಪ್ಪುತ್ತದೆ. ಮೊದಲು ಕೊಳ್ಳಬೇಕಾದದ್ದು ಬೇರೆ ಬೇರೆ ಬಿಗುವಿನ ರಬ್ಬರ್ ಬ್ಯಾಂಡ್‌ಗಳ ಒಂದು ಜೊತೆ, ಎಳೆಯುವ ಕೆಲಸಕ್ಕೆ. ಉಳಿದ ದುಡ್ಡಿಗೆ ತಟ್ಟೆ ಬದಲಿಸುವಂಥ ಡಂಬಲ್ ಸರಳು ಎರಡು ಮತ್ತು ಸಿಕ್ಕಷ್ಟು ತಟ್ಟೆ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಕಬ್ಬಿಣ ಹಳೆಯದಾದರೆ ತೂಕ ಕಡಿಮೆಯಾಗುವುದಿಲ್ಲ. ಸದ್ಯ ಅದಕ್ಕೂ ಕಾಯಬೇಡಿ, ಕ್ಯಾನಿಗೆ ಹತ್ತು ಲೀಟರ್ ನೀರು ಹಿಡಿದು ಈ ವಾರವೇ ಶುರು ಮಾಡಿ.